ಮನೆ ಗುಂಪಿಗೆ ಬಂದ ಬಿಕ್ರಮ್ ಸಿಂಘ

ಭಾನುವಾರ ತಿಂಡಿ ಹೊತ್ತಿಗೆ ತುಮಕೂರಿನ ಚಿಕ್ಕಪ್ಪ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಎರಡು ಫೋಟೋ ಅಕ್ಕಪಕ್ಕ. ಒಂದರಲ್ಲಿ ಖಾಕಿ ತೊಟ್ಟ ಸುದೀಪ್, ಇನ್ನೊಂದರಲ್ಲಿ ಖಾಕಿ ತೊಟ್ಟ ಬಂಗಾಳಿ ನಟ ಪ್ರಸೇನ್‌ಜಿತ್. ಇಬ್ಬರ ಸುತ್ತಲೂ ಕೆಂಪು ಗೆರೆ. ಕೆಳಗೆ ಹೀಗಿತ್ತು: "ನಮ್ಮ ವೀರ ಮದಕರಿಯನ್ನು ಕದ್ದ ಬಂಗಾಳಿಗಳು! ಸತ್ಯಜಿತ್ ರೇ ನಾಡಿಗೂ ಈ ಗತಿ! ಕನ್ನಡಿಗರಾಗಿದ್ದರೆ ಹತ್ತು ಜನಕ್ಕೆ ಕಳಿಸಿ."

ಐದು ನಿಮಿಷದಲ್ಲಿ ಒಂಬತ್ತು ಹೆಬ್ಬೆರಳು ಬಿದ್ದವು. ಓದಿ ಒತ್ತಿದವರು ಒಬ್ಬರಾದರೂ ಇದ್ದರೋ ಇಲ್ಲವೋ.

"ಇದಕ್ಕೆ ಆಧಾರ ಏನು? ಯಾವ ಪೇಪರಲ್ಲಿ ಬಂದಿದೆ?" ಎಂದರು ಭಾವ. ಅರಿಶಿನದ ನೀರಿನ ಫಾರ್ವರ್ಡ್ ಬಂದಾಗಲೂ ಅವರು ಕೇಳಿದ್ದು ಇದನ್ನೇ.

"ಎಲ್ಲದಕ್ಕೂ ರಸೀದಿ ಕೇಳಬೇಡಿ ಅಳಿಯಂದಿರೇ" ಎಂದು ಚಿಕ್ಕಪ್ಪ ಬರೆದರು.

ನನಗೆ ಸುಮ್ನೆ ಇರಲು ಆಗಲಿಲ್ಲ. ವೀರ ಮದಕರಿ ನನಗೆ ತುಂಬಾ ಇಷ್ಟದ ಸಿನಿಮಾ. ಅದಕ್ಕೇ ಬರೆದೆ: "ಚಿಕ್ಕಪ್ಪಾ, ಮೂಲ ಕಥೆ ನಮ್ಮದಲ್ಲ. 2006ರಲ್ಲಿ ರಾಜಮೌಳಿ ತೆಲುಗಿನಲ್ಲಿ ವಿಕ್ರಮಾರ್ಕುಡು ಮಾಡಿದರು, ರವಿತೇಜ ಹೀರೋ. 2009ರಲ್ಲಿ ಸುದೀಪ್ ತಾವೇ ನಿರ್ದೇಶನ ಮಾಡಿ ಕನ್ನಡಕ್ಕೆ ತಂದರು. 2011ರಲ್ಲಿ ತಮಿಳು, 2012ರಲ್ಲಿ ಹಿಂದಿ. ಅದೇ ವರ್ಷ ಬಂಗಾಳಿಯಲ್ಲಿ ಬಿಕ್ರಮ್ ಸಿಂಘ ಬಂತು, ಹರನಾಥ್ ಚಕ್ರವರ್ತಿ ನಿರ್ದೇಶಕರು. ಒಬ್ಬ ಕಳ್ಳ, ಅವನ ಹಾಗೇ ಇರುವ ಒಬ್ಬ ಪೊಲೀಸ್, ಕಳ್ಳನನ್ನೇ ಅಪ್ಪ ಅಂದುಕೊಳ್ಳುವ ಪುಟ್ಟ ಹುಡುಗಿ. ಎಲ್ಲ ಕಡೆಯೂ ಇದೇ ಕಥೆ. ಇದರಲ್ಲಿ ಕಳ್ಳತನ ಎಲ್ಲಿ ಬಂತು?"

ಇದಕ್ಕೆ ಉತ್ತರ ಬರಲಿಲ್ಲ. ದೊಡ್ಡಪ್ಪ ಬಂದರು.

"ಮಗೂ, ದೊಡ್ಡವರ ಜೊತೆ ಮಾತಾಡುವ ರೀತಿ ಇದಲ್ಲ. ಸ್ವಂತದ್ದು ಮಾಡಬೇಕು, ಎರವಲು ತರಬಾರದು. ಅಣ್ಣಾವ್ರ ಕಾಲದಲ್ಲಿ ಕನ್ನಡ ಕಾದಂಬರಿ ಓದಿ ಸಿನಿಮಾ ತೆಗೆಯುತ್ತಿದ್ದರು."

ಕಾದಂಬರಿಯ ಮಾತು ನಿಜ. ಆದರೆ ದೊಡ್ಡಪ್ಪನ ಬೀರುವಿನ ಮೇಲಿನ ಅರೆಯಲ್ಲಿ ಕಂದು ಕಾಗದದ ರಟ್ಟು ಹಾಕಿದ ಶರತ್‌ಚಂದ್ರರ ಕಾದಂಬರಿಗಳಿವೆ, ಕನ್ನಡ ಅನುವಾದ. ಅಜ್ಜಿ ಓದಿ ಓದಿ ಹಾಳೆಯ ಮೂಲೆಗಳೆಲ್ಲ ಮೆತ್ತಗಾಗಿವೆ. ಬಂಗಾಳದಿಂದ ನಮ್ಮ ಮನೆಗೆ ಬಂದ ಕಥೆಗೆ ಅಜ್ಜಿ ಕಣ್ಣೀರು ಹಾಕಿದರೆ ತಪ್ಪಿಲ್ಲ, ತೆಲುಗಿನ ಕಥೆಗೆ ಬಂಗಾಳದವರು ಶಿಳ್ಳೆ ಹೊಡೆದರೆ ತಪ್ಪಾ? ಇದನ್ನೂ ಬರೆದೆ. ಆಗಲೇ ತೆಗೆದುಬಿಡಬೇಕಿತ್ತೇನೋ, ತೆಗೆಯಲಿಲ್ಲ. ನಾನು ಹೇಳಿದ್ದು ಸರಿ ಅಂತಲೇ ಈಗಲೂ ಅನಿಸುತ್ತದೆ.

ಕೋಲ್ಕತ್ತಾದಲ್ಲಿ ಕೆಲಸದಲ್ಲಿರುವ ಅಕ್ಕ ಮಧ್ಯಾಹ್ನ ಒಂದು ವಾಯ್ಸ್ ಮೆಸೇಜ್ ಹಾಕಿದಳು. ಹಿಂದಿನಿಂದ ಬಸ್ಸಿನ ಹಾರ್ನ್ ಕೇಳುತ್ತಿತ್ತು. "ಆಗ ದಕ್ಷಿಣದ ರಿಮೇಕ್ ಜಾಸ್ತಿ ಆಯ್ತು ಅಂತ ಇಲ್ಲಿಯವರಿಗೇ ಬೇಜಾರಿತ್ತು. ರವಿತೇಜ ಮಾಡಿದ ಭದ್ರ ಇದೆಯಲ್ಲ, ಅದು ನಮ್ಮಲ್ಲಿ 2008ರಲ್ಲಿ ದರ್ಶನ್ ಅವರ ಗಜ ಆಯ್ತು, ಇಲ್ಲಿ 2010ರಲ್ಲಿ ಜೀತ್ ಅವರ ಜೋಶ್ ಆಯ್ತು. ನಮ್ಮಿಂದಲೂ ಬಂದಿದೆ. ಮುಂಗಾರು ಮಳೆ ಇಲ್ಲಿ 2008ರಲ್ಲಿ ಪ್ರೇಮೇರ್ ಕಾಹಿನಿ ಆಯ್ತು. ಟಾಲಿವುಡ್ ಅನ್ನೋ ಹೆಸರೇ ಮೊದಲು ಇವರದ್ದು, ಸ್ಟುಡಿಯೋಗಳಿದ್ದ ಟಾಲಿಗಂಜ್‌ನಿಂದ ಬಂದಿದ್ದು. 2010ರಲ್ಲಿ ಬಂಗಾಳದ ಸಂತಕವಿ ಲಾಲನ್ ಫಕೀರನ ಪಾತ್ರ ಮಾಡಿದ ಪ್ರಸೇನ್‌ಜಿತ್, ಎರಡು ವರ್ಷಕ್ಕೆ ಖಾಕಿ ಹಾಕಿ ಹೊಡೆದಾಡಿದ್ದಾರೆ. ಎರಡೂ ಮಾಡುವ ನಟ ಅವರು. ಅವರ ಮುಖಕ್ಕೆ ಕೆಂಪು ಗೆರೆ ಹಾಕಿ ಕಳ್ಳ ಅನ್ನೋದು ಸರಿಯಲ್ಲ."

ಎಷ್ಟು ಚೆನ್ನಾಗಿ ಹೇಳಿದಳು! ಎರಡು ನಿಮಿಷದ ಮೆಸೇಜು. ಅದನ್ನು ಪೂರ್ತಿ ಕೇಳಿದ್ದು ನಾನು ಮತ್ತು ಭಾವ ಮಾತ್ರ ಅಂತ ಕಾಣುತ್ತದೆ.

ಶಿವಮೊಗ್ಗದ ಅತ್ತೆಗೆ ಕೋಲ್ಕತ್ತಾ ಎಂದ ಕೂಡಲೇ ಬೇರೆ ನೆನಪಾಯಿತು. "ಉಪೇಂದ್ರ ಅವರ ಹೆಂಡತಿ ಪ್ರಿಯಾಂಕಾ ಬಂಗಾಳದವರೇ ಅಲ್ವಾ? ಎಷ್ಟು ಲಕ್ಷಣ!" ಅತ್ತೆಗೆ ತಿಳಿಯದೇ ಮಾತು ವಿಷಯಕ್ಕೇ ಬಂದಿತ್ತು. ಪ್ರಿಯಾಂಕಾ 2002ರಲ್ಲಿ ಸಾಥಿ ಎಂಬ ಬಂಗಾಳಿ ಸಿನಿಮಾದ ನಾಯಕಿ. ನಿರ್ದೇಶಕರು ಇದೇ ಹರನಾಥ್ ಚಕ್ರವರ್ತಿ. ಅದರ ಮೂಲ ತಮಿಳು. ಅದೇ ತಮಿಳು ಸಿನಿಮಾ ನಮ್ಮಲ್ಲಿ ರವಿಚಂದ್ರನ್ ಅವರ ಓ ನನ್ನ ನಲ್ಲೆ ಆಗಿತ್ತು. ಇಷ್ಟನ್ನೂ ನಾನು ಟೈಪ್ ಮಾಡುತ್ತಿದ್ದೆ.

ಅಷ್ಟರಲ್ಲಿ ಚಿಕ್ಕಪ್ಪನ ಮಗ ಬಂದ. "ವೀರ ಮದಕರಿಗೆ ಅಪ್ಪ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದು ನೆನಪಿದೆಯಾ? ಲೂನಾ ಪಂಕ್ಚರ್ ಆಗಿ ತಳ್ಳಿಕೊಂಡು ಬಂದೆವು. ಇಂಟರ್ವೆಲ್‌ನಲ್ಲಿ ಬಿಸಿ ಬೋಂಡ!"

ಅತ್ತೆ ಒಂದೇ ಏಟಿಗೆ ಉತ್ತರ ಹಾಕಿದರು. "ನೆನಪಿದೆ. ಅವತ್ತು ನನ್ನ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಹುಡುಗಿಯ ಸೋದರಮಾವ ಎಲ್ಲಿ ಅಂತ ಮೂರು ಸಲ ಕೇಳಿದರು. ಸೋದರಮಾವ ಬೋಂಡ ತಿನ್ನುತ್ತಿದ್ದರು ಅಂತ ಇವತ್ತು ಗೊತ್ತಾಯಿತು."

"ಶಾಸ್ತ್ರದ ಹೊತ್ತು ನನಗೆ ಹೇಳಿದ್ದು ಆರು ಗಂಟೆ."

"ಪತ್ರಿಕೆಯಲ್ಲಿ ನಾಲ್ಕೂವರೆ ಅಂತ ಇತ್ತು."

"ನನಗೆ ಪತ್ರಿಕೆ ಕೊಟ್ಟಿದ್ದರೆ ತಾನೇ!"

ಭಾವ ಇಲ್ಲೂ ಆಧಾರ ಕೇಳಿದರು. ಪತ್ರಿಕೆ ಯಾರ ಹತ್ತಿರವಾದರೂ ಉಳಿದಿದೆಯಾ ಅಂತ. ದೊಡ್ಡಪ್ಪ ಅಣ್ಣ ತಂಗಿಯರು ಹೇಗಿರಬೇಕು ಅಂತ ಉದ್ದಕ್ಕೆ ಬರೆದರು. ಬಿಕ್ರಮ್ ಸಿಂಘನನ್ನು ಆಮೇಲೆ ಯಾರೂ ಕೇಳಲಿಲ್ಲ. ನನ್ನ ಸಾಥಿಯ ಮೆಸೇಜು ಆ ಜಗಳದ ನಡುವೆ ಎಲ್ಲೋ ಹೋಯಿತು.

ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಬೇಜಾರಾಗಿದ್ದರೆ ಕ್ಷಮಿಸಿ, ಆದರೆ ಆ ಕಥೆ ನಿಜಕ್ಕೂ ತೆಲುಗಿನದ್ದು ಎಂದೆ.

"ಗೊತ್ತಮ್ಮಾ" ಎಂದರು. "ಇದು ತೆಲುಗಿನದ್ದು, ಆದರೆ ಸುದೀಪ್ ಎಷ್ಟು ಚೆನ್ನಾಗಿ ಮಾಡಿದ್ದಾನೆ ನೋಡು ಅಂತ ಥಿಯೇಟರಲ್ಲಿ ನಾನೇ ನಿನಗೆ ಹೇಳಿದ್ದೆನಲ್ಲ."

"ಮತ್ತೆ ಯಾಕೆ ಹಾಕಿದಿರಿ?"

"ಅದರ ಕೆಳಗೆ ಏನು ಬರೆದಿತ್ತು ನೋಡಲಿಲ್ಲ. ಫೋಟೋ ಕಂಡಿತು, ನೀವೆಲ್ಲ ಚಿಕ್ಕವರಿದ್ದದ್ದು ನೆನಪಾಯಿತು."

ತೆಗೆಯುತ್ತೇನೆ ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, ನಿಮ್ಮ ಅತ್ತೆಗೆ ತುಂಬಾ ಬೇಜಾರಾಗಿದೆಯಾ?