ನಡೆಯುವಾಗ ಮಾತಾಡಿಸಿದರೆ ಅಪ್ಪ ನಿಂತೇಬಿಡುತ್ತಾರೆ, ಯಾಕೆ?

ಹಾಸನದ ಮಗಳು:

ಅಪ್ಪನಿಗೆ ಈಗ 74. ಬಸ್ ಕಂಡಕ್ಟರ್ ಆಗಿದ್ದವರು, ಸರ್ವೀಸೆಲ್ಲ ಬಹುಪಾಲು ಹಾಸನ–ಮಂಗಳೂರು ರೂಟಲ್ಲೇ. ಟಿಕೆಟ್ ಮಷೀನು ಬರೋಕ್ಕೆ ಮುಂಚೆ ಕೈಯಲ್ಲಿ ಹರಿದು ಕೊಡ್ತಿದ್ದ ಕಾಲ. ಶಿರಾಡಿ ಘಾಟಿ ತಿರುವಲ್ಲಿ ಬಸ್ಸು ವಾಲ್ತಾ ಇದ್ರೂ ಕಂಬಿಗೆ ಸೊಂಟ ಕೊಟ್ಟು ನಿಂತು, ಎರಡು ಗುಂಡ್ಯ, ಒಂದು ಉಪ್ಪಿನಂಗಡಿ, ಒಂದು ಹಾಫ್ ಅಂತ ಬಾಯಲ್ಲೇ ಲೆಕ್ಕ ಹಾಕಿ ಚಿಲ್ಲರೆ ಕೊಟ್ಟು, ನಡುವೆ ಹಿಂದಿನ ಸೀಟಿನವನ ಜೊತೆ ಜಗಳಾನೂ ಮುಗಿಸಿ ಬರ್ತಿದ್ರಂತೆ.

ಅದೇ ಮನುಷ್ಯ ಈಗ ಸಂಜೆ ವಾಕಿಂಗಲ್ಲಿ ನಾನು ಏನಾದ್ರೂ ಕೇಳಿದ್ರೆ ನಿಂತುಬಿಡ್ತಾರೆ. ನಿಂತು ಉತ್ತರ ಹೇಳಿ, ಆಮೇಲೆ ಮುಂದಿನ ಹೆಜ್ಜೆ. ಬರೀ "ಹೂಂ" ಅನ್ನೋ ಮಾತಿಗೆ ನಿಲ್ಲಲ್ಲ. "ಹೋದ ತಿಂಗಳು ಕರೆಂಟ್ ಬಿಲ್ ಎಷ್ಟು ಬಂದಿತ್ತು?" ಅಂದ್ರೆ ನಿಂತರು ಅಂತಲೇ. ಮಂಡಿ ನೋವಿಲ್ಲ, ಕಿವಿ ಚುರುಕಾಗಿದೆ. ಶುಗರ್ ಇದೆ, ಬಹಳ ವರ್ಷದಿಂದ ಮೆಟ್‌ಫಾರ್ಮಿನ್ ತಗೋತಾರೆ. ತಮ್ಮ "ವಯಸ್ಸಾಯ್ತಲ್ಲ, ಬಿಡಕ್ಕ" ಅಂತಾನೆ. ನನಗೆ ಬಿಡೋಕ್ಕಾಗ್ತಿಲ್ಲ. ಕಾಲಿನ ಕೆಲಸಕ್ಕೂ ಬಿಲ್ ನೆನಪು ಮಾಡ್ಕೊಳ್ಳೋ ಕೆಲಸಕ್ಕೂ ತಲೆಯೊಳಗೆ ಏನು ಸಂಬಂಧ?

ಸಿಆರ್ ಪಟ್ಟಣ:

ನಮ್ಮ ತಾತನೂ ಹಂಗೇ ಇದ್ರು. ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ವಾಕಿಂಗಲ್ಲಿ ಕರೆಂಟ್ ಬಿಲ್ ಕೇಳಿದ್ರೆ ನಾನೂ ನಿಂತ್ಕೋತೀನಿ.

ಫಿಸಿಯೋ ಮೈಸೂರು:

ಬಿಲ್ ಜೋಕು ಚೆನ್ನಾಗಿದೆ ಸರ್, ಆದರೆ "ತಲೆ ಕೆಡಿಸ್ಕೋಬೇಡಿ" ಅನ್ನೋದನ್ನ ನಾನು ಒಪ್ಪಲ್ಲ. ಮೇಡಂ ನೋಡಿರೋದು ನಮ್ಮ ಕಸುಬಿನಲ್ಲಿ ಹೆಸರಾಂತ ಲಕ್ಷಣ. ಸ್ವೀಡನ್ನಿನ ಉಮಿಯೋದಲ್ಲಿ ಲುಂಡಿನ್-ಓಲ್ಸನ್ ಅನ್ನೋ ಸಂಶೋಧಕಿ ಮತ್ತು ಜೊತೆಗಾರರು 1997ರಲ್ಲಿ ಇದನ್ನೇ ಬರೆದರು. ಆರೈಕೆ ಕೇಂದ್ರಗಳಲ್ಲಿದ್ದ 58 ಹಿರಿಯರ ಜೊತೆ ನಡೀತಾ ಮಾತು ತೆಗೆದಾಗ 12 ಜನ ನಿಂತರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದರು.

ಹಾಗಂತ ನಿಲ್ಲೋದು ತಪ್ಪಲ್ಲ, ಅದನ್ನ ಮೊದಲು ತಿಳ್ಕೊಳ್ಳಿ. ಮಿದುಳು "ಮೊದಲು ಬೀಳದೆ ಇರೋಣ, ಮಾತು ಆಮೇಲೆ" ಅಂತ ಸರಿಯಾಗೇ ತೀರ್ಮಾನ ಮಾಡ್ತಿದೆ. ನನಗೆ ಹೆಚ್ಚು ಭಯ ಆಗೋದು ನಿಲ್ಲದವರ ವಿಷಯದಲ್ಲಿ. ಪಾರ್ಕಿನ್‌ಸನ್ಸ್ (ಕೈಕಾಲು ನಡುಗೋ, ನಡಿಗೆ ನಿಧಾನ ಆಗೋ ಮಿದುಳಿನ ಕಾಯಿಲೆ) ಇರೋ ಕೆಲವರು ಎರಡನ್ನೂ ಎಳ್ಕೊಂಡು ಹೋಗಕ್ಕೆ ನೋಡಿ ಕಾಲು ತಪ್ಪಿಸ್ಕೋತಾರೆ. ನಿಲ್ಲೋದು ಹೇಳೋದು ಇಷ್ಟೇ: ನಡಿಗೆಗೆ ಕೊಟ್ಟು ಮಿಕ್ಕ ಗಮನ, ಅಂದ್ರೆ ಮಿದುಳಿನ ಮಿಗತೆ, ಕಡಿಮೆ ಇದೆ.

ಮಿಗತೆ ಯಾಕೆ ಕಡಿಮೆ ಆಗುತ್ತೆ? ಹೆಜ್ಜೆಯ ಲಯವನ್ನ ಬೆನ್ನುಹುರಿ, ಕಿರುಮಿದುಳು ಎಲ್ಲ ಸೇರಿ ನೋಡ್ಕೋತವೆ, ನಮಗೆ ಗೊತ್ತೇ ಆಗಲ್ಲ. ಆದರೆ ಅಂಗಾಲಿನಿಂದ ಬರೋ ಸುದ್ದಿ ಮಸುಕಾದರೆ, ಕಣ್ಣು ಮಂದ ಆದರೆ, ಹಣೆಯ ಹಿಂದಿನ ಮುಂಭಾಗದ ಮಿದುಳು ಉಸ್ತುವಾರಿಗೆ ಬರಬೇಕಾಗುತ್ತೆ. ಬಿಲ್ ನೆನಪು ಮಾಡ್ಕೊಳ್ಳೋದೂ ಅದೇ ಜಾಗದ ಕೆಲಸ. ಶುಗರ್ ಅಂದ್ರಲ್ಲ, ಅದು ಬಹಳ ವರ್ಷ ಇದ್ರೆ ಅಂಗಾಲಿನ ನರ ಮಂದ ಆಗಬಹುದು, ಅದಕ್ಕೇ ನನ್ನ ಗಮನ ಮೊದಲು ಹೋಗಿದ್ದು ಅಪ್ಪನ ಪಾದಗಳ ಮೇಲೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸಮತಟ್ಟು ಜಾಗದಲ್ಲಿ 10 ಮೀಟರ್ ಗುರುತು ಹಾಕಿ, ಮಾಮೂಲಿ ನಡಿಗೆಗೆ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ಹಿಡೀರಿ. ಆಮೇಲೆ 100ರಿಂದ ಏಳೇಳು ಕಳೀತಾ ನಡೆಯೋಕೆ ಹೇಳಿ. ಇನ್ನೊಮ್ಮೆ, ಪ್ರಾಣಿಗಳ ಹೆಸರು ಹೇಳ್ತಾ ನಡೆಯೋಕೆ ಹೇಳಿ. ಕಂಡಕ್ಟರಿಗೆ ಕಳೆಯೋ ಲೆಕ್ಕ ಬಾಯಿಪಾಠ ಇರುತ್ತೆ, ಅದರಿಂದ ಏನೂ ಗೊತ್ತಾಗದೇ ಇರಬಹುದು, ಪ್ರಾಣಿ ಹೆಸರು ಬಿಡಬೇಡಿ. "ನಿಲ್ಲಬೇಡಿ" ಅಂತ ಒತ್ತಾಯ ಬೇಡ, ಪಕ್ಕದಲ್ಲೇ ಇರಿ.

ಎಂಆರ್‌ಐ ಕೋಣೆಯಿಂದ:

ನಾನು ಈ ವಿಷಯದಲ್ಲೇ ಪಿಎಚ್‌ಡಿ ಮಾಡ್ತಿದ್ದೀನಿ, ಅಕ್ಕನ "ಏನು ಸಂಬಂಧ" ಅನ್ನೋ ಪ್ರಶ್ನೆಗೆ ಸ್ವಲ್ಪ ಸೇರಿಸ್ತೀನಿ. ಮಿದುಳಿನ ಚಿತ್ರ ತೆಗೆಯೋ ಎಂಆರ್‌ಐ ಯಂತ್ರದ ಒಳಗೆ ನಡೆಯೋಕ್ಕಾಗಲ್ಲ, ತಲೆ ಅಲ್ಲಾಡಿಸಿದ್ರೂ ಚಿತ್ರ ಕೆಡುತ್ತೆ. ಅದಕ್ಕೆ ನಡಿಗೆಯ ಅಧ್ಯಯನಕ್ಕೆ ಹಣೆಗೆ ಪಟ್ಟಿ ಕಟ್ಟಿ, ಅವಕೆಂಪು ಬೆಳಕು ಬಿಟ್ಟು, ರಕ್ತದಲ್ಲಿ ಆಕ್ಸಿಜನ್ ಎಷ್ಟು ಏರಿತು ಅಂತ ನೋಡ್ತಾರೆ. ಏರಿದ್ರೆ ಮಿದುಳಿನ ಆ ಜಾಗ ಹೆಚ್ಚು ದುಡೀತಿದೆ ಅಂತ ಅರ್ಥ. ನ್ಯೂಯಾರ್ಕಿನಲ್ಲಿ ಹೋಲ್ಟ್ಸರ್ ತಂಡ 2011ರಲ್ಲಿ ಹೀಗೆ ಅಳೆದಾಗ, ಸುಮ್ಮನೆ ನಡೆಯೋದಕ್ಕಿಂತ ಮಾತಾಡ್ತಾ ನಡೆದಾಗ ಹಣೆಯ ಹಿಂದೆ ಆಕ್ಸಿಜನ್ ಏರಿತು. ಆದರೆ ಯುವಕರಲ್ಲಿ ಏರಿದಷ್ಟು ವಯಸ್ಸಾದವರಲ್ಲಿ ಏರಲಿಲ್ಲ.

ಎರಡೂ ಬರೀ ತಲೆಯ ಕೆಲಸವಾದರೂ ಇದೇ ಕಥೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಾರ್ಸೆಲ್ ಜಸ್ಟ್ ತಂಡ 2001ರಲ್ಲಿ, ಕೇಳಿಸಿದ ವಾಕ್ಯ ಸರಿಯೋ ತಪ್ಪೋ ಹೇಳೋದು, ಒಂದು ಆಕೃತಿಯನ್ನ ಮನಸ್ಸಲ್ಲೇ ತಿರುಗಿಸಿ ನೋಡೋದು, ಈ ಎರಡನ್ನ ಒಟ್ಟಿಗೆ ಮಾಡಿಸಿತು. ಇವು ಮಿದುಳಿನ ಬೇರೆ ಬೇರೆ ಜಾಗದ ಕೆಲಸ, ಒಂದರ ದಾರಿಗೆ ಇನ್ನೊಂದು ಅಡ್ಡ ಬರಬಾರದು. ಆದರೂ ಒಟ್ಟಿಗೆ ಮಾಡಿದಾಗ ಕಂಡ ಚಟುವಟಿಕೆ, ಬೇರೆ ಬೇರೆ ಮಾಡಿದಾಗಿನ ಮೊತ್ತಕ್ಕಿಂತ ಎಷ್ಟೋ ಕಡಿಮೆ ಇತ್ತು. ಮಿದುಳು ಎರಡಕ್ಕೂ ಪೂರ್ತಿ ಬಲ ಕೊಡಲ್ಲ, ಹಂಚುತ್ತೆ.

ಈಗ ಶಿರಾಡಿ ಘಾಟಿ. ನನಗೆ ಇದೇ ಹೆಚ್ಚು ಸ್ವಾರಸ್ಯ. ಡಕ್ಸ್, ಮರಾಯ್ ಅನ್ನೋ ಸಂಶೋಧಕರ ತಂಡ 2006ರಲ್ಲಿ ತೋರಿಸಿದ್ದು, ತೀರ್ಮಾನ ಮಾಡೋ ಹಂತದಲ್ಲಿ ಮುಂಭಾಗದ ಮಿದುಳು ಒಂದೇ ಬಾಗಿಲಿನ ಬಸ್ಸು ಅಂತ. ಒಬ್ಬರು ಇಳಿಯೋವರೆಗೆ ಇನ್ನೊಬ್ಬರು ಹತ್ತೋಕ್ಕಾಗಲ್ಲ. 2009ರಲ್ಲಿ ಅದೇ ತಂಡ ಜನರಿಗೆ ಅಭ್ಯಾಸ ಮಾಡಿಸಿತು. ಎರಡನೇ ಬಾಗಿಲೇನೂ ತೆರೆಯಲಿಲ್ಲ, ಒಂದೊಂದು ತೀರ್ಮಾನವೂ ಬೇಗ ಮುಗಿಯೋ ಹಾಗಾಯ್ತು, ಹೊರಗಿನಿಂದ ನೋಡಿದವರಿಗೆ ಎರಡೂ ಒಟ್ಟಿಗೆ ಆದಂತೆ ಕಂಡಿತು. ಗುಂಡ್ಯಕ್ಕೆ ಎಷ್ಟು, ಉಪ್ಪಿನಂಗಡಿಗೆ ಎಷ್ಟು ಅಂತ ನಿಮ್ಮಪ್ಪ ಯೋಚಿಸ್ತಾನೇ ಇರಲಿಲ್ಲ ಅನ್ಸುತ್ತೆ. ಕರೆಂಟ್ ಬಿಲ್ಲಿಗೆ ಆ ಅಭ್ಯಾಸ ಇಲ್ಲ.

ಹಾಸನದ ಮಗಳು:

ಕಾಂಪೌಂಡ್ ಒಳಗೆ ಟೇಪ್ ಹಿಡಿದು ಗುರುತು ಹಾಕ್ದೆ. ಸುಮ್ಮನೆ ನಡೆದಾಗ 9 ಸೆಕೆಂಡ್. ಏಳೇಳು ಕಳೆಯೋದಕ್ಕೂ 9, ನೀವು ಹೇಳಿದ ಹಾಗೇ. 93, 86, 79 ಅಂತ ಸರಸರ ಬಂದ್ರು, ಕೊನೆಗೆ "ಚಿಲ್ಲರೆ ಸರಿಯಾಗಿದೆಯಾ ನೋಡ್ಕೋ" ಅಂತ ನನ್ನನ್ನೇ ರೇಗಿಸಿದ್ರು. ಪ್ರಾಣಿ ಹೆಸರಿಗೆ 12. ಹಸು, ಎಮ್ಮೆ, ಆನೆ ಆದಮೇಲೆ ಹೆಜ್ಜೆ ಚಿಕ್ಕದಾಯ್ತು, ಗೋಡೆ ಕಡೆ ಕೈ ಹೋಯ್ತು. 12 ಅಂದ್ರೆ ಕೆಟ್ಟದ್ದಾ?

ಫಿಸಿಯೋ ಮೈಸೂರು:

ವೇಗದಲ್ಲಿ ಲೆಕ್ಕ ಹಾಕಿದ್ರೆ 25% ಇಳಿಕೆ. ಕೆನಡಾದಲ್ಲಿ 112 ಜನರನ್ನ ಹಿಂಬಾಲಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಅದರಲ್ಲಿ 20%ಗಿಂತ ಹೆಚ್ಚು ನಿಧಾನ ಆದವರಲ್ಲಿ ಮುಂದೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಹೆಚ್ಚು ಕಂಡಿತ್ತು. ಆದರೆ ಅವರೆಲ್ಲ ಮೊದಲೇ ಸ್ವಲ್ಪ ಮರೆವು ಶುರುವಾಗಿದ್ದವರು. ಅಂಗಳದ ಒಂದು ಅಳತೆ ಹಿಡಿದು ಅಪ್ಪನಿಗೆ ಆ ಹೆಸರು ಹಚ್ಚಬೇಡಿ.

ನನ್ನನ್ನ ಯೋಚನೆಗೆ ಹಚ್ಚಿದ್ದು ಸೆಕೆಂಡಲ್ಲ, ಗೋಡೆ ಕಡೆ ಹೋದ ಕೈ. ಡಾಕ್ಟರ ಹತ್ತಿರ ಹೋಗಿ, ಅಂಗಾಲಿನ ಸ್ಪರ್ಶ ಪರೀಕ್ಷೆ ಮಾಡಿಸಿ. ತೆಳು ನೈಲಾನ್ ಎಳೆ ಒತ್ತಿ ನೋಡ್ತಾರೆ, ಕಂಪನ ಗೊತ್ತಾಗುತ್ತಾ ಅಂತ ಶ್ರುತಿಕವೆ (ತಟ್ಟಿದ್ರೆ ಕಂಪಿಸೋ ಟ್ಯೂನಿಂಗ್ ಫೋರ್ಕ್) ಇಡ್ತಾರೆ, ನೋವಿರಲ್ಲ. ವಿಟಮಿನ್ ಬಿ12 ರಕ್ತ ಪರೀಕ್ಷೆಯನ್ನೂ ಕೇಳಿ. ಮೆಟ್‌ಫಾರ್ಮಿನ್ ಬಹಳ ಕಾಲ ತಗೊಂಡ್ರೆ ಬಿ12 ಇಳಿಯಬಹುದು, ಇಳಿದರೆ ನರಕ್ಕೂ ನೆನಪಿಗೂ ಪೆಟ್ಟು, ಸಿಕ್ಕಿಬಿದ್ದರೆ ಸರಿಪಡಿಸೋದು ಸುಲಭ. ಮಾತ್ರೆ ನೀವಾಗೇ ನಿಲ್ಲಿಸಬೇಡಿ. ಕಣ್ಣು ತೋರಿಸಿ ವರ್ಷ ಆಗಿದ್ರೆ ಅದನ್ನೂ ತೋರಿಸಿ.

ರಸ್ತೆ ದಾಟುವಾಗ, ಮೆಟ್ಟಿಲಲ್ಲಿ, ಒದ್ದೆ ನೆಲದಲ್ಲಿ ಮಾತು ಬೇಡ, ಫೋನೂ ಬೇಡ. ಬಿಲ್ ವಿಚಾರ ಕಟ್ಟೆ ಮೇಲೆ ಕೂತಾಗ ಕೇಳಿ. ರಿಪೋರ್ಟ್ ಬಂದಮೇಲೆ ಇಲ್ಲೇ ಬರೀರಿ, ಮಾತಾಡ್ತಾ ನಡೆಯೋ ಅಭ್ಯಾಸವನ್ನ ಎಲ್ಲಿಂದ ಶುರು ಮಾಡಬಹುದು ಅಂತ ಹೇಳ್ತೀನಿ.