ಸಹಾಯ ಬೇಕು: ಜಿಡಿಬಿಯಲ್ಲಿ ಡಿಸೇಬಲ್ ಮಾಡಿದ ಬ್ರೇಕ್‌ಪಾಯಿಂಟ್ ನಿಜಕ್ಕೂ ಹೋಯಿತಾ ಅಂತ ಟೆಸ್ಟ್ ಮಾಡೋದು ಹೇಗೆ?

ಗೆಳೆಯರೇ, ಲಿನಕ್ಸ್, ಎಕ್ಸ್86 ಪ್ರೊಸೆಸರ್ ಮೇಲೆ ಜಿಡಿಬಿಯ (ಪ್ರೋಗ್ರಾಂನ ತಪ್ಪು ಹುಡುಕೋ ಡೀಬಗರ್), ಬ್ರೇಕ್‌ಪಾಯಿಂಟನ್ನು (ಪ್ರೋಗ್ರಾಂ ನಿಲ್ಲಬೇಕು ಅಂತ ಗುರುತು ಹಾಕಿದ ಜಾಗ) ಚಾಲೂ, ಬಂದ್ ಮಾಡೋ ಎನೇಬಲ್, ಡಿಸೇಬಲ್ ಕಮಾಂಡ್‌ಗಳಿಗೆ ಟೆಸ್ಟ್ ಬರೆಯುತ್ತಿದ್ದೇನೆ. ಎರಡನೇ ನಂಬರಿನ ಬ್ರೇಕ್‌ಪಾಯಿಂಟ್‌ಗೆ 'ಡಿಸೇಬಲ್ 2' ಕೊಟ್ಟರೆ 'ಇನ್ಫೋ ಬ್ರೇಕ್‌ಪಾಯಿಂಟ್ಸ್' ಪಟ್ಟಿಯಲ್ಲಿ 'ವೈ' (ಚಾಲೂ) ಹೋಗಿ 'ಎನ್' (ಬಂದ್) ಬರುತ್ತೆ. ಅಷ್ಟನ್ನೇ ನೋಡಿ ಪಾಸ್ ಅನ್ನೋಕೆ ಮನಸ್ಸಿಲ್ಲ, ಅದು ಬರೀ ಲೆಕ್ಕದ ಪುಸ್ತಕ. ಪ್ರೋಗ್ರಾಂ ನಿಲ್ಲಿಸೋಕೆ ಜಿಡಿಬಿ ಮೂಲ ಬೈಟಿನ ಜಾಗದಲ್ಲಿ ಬರೆದು, ಮೆಮೊರಿಯಲ್ಲಿ ಕೂತಿರೋ ಇಂಟ್3 ಸೂಚನೆ, ಅಂದರೆ ಆ ಸಿಸಿ ಬೈಟ್, ಹೋಗಿ ಮೂಲ ಬೈಟ್ ಬಂತಾ ಅಂತ ನೋಡಬೇಕು. ಆದರೆ ಮೆಮೊರಿ ತೋರಿಸೋ ಜಿಡಿಬಿಯ 'ಎಕ್ಸ್' ಕಮಾಂಡ್ ಸಿಸಿಯನ್ನು ಮರೆಮಾಚಿ ಮೂಲ ಬೈಟನ್ನೇ ತೋರಿಸುತ್ತೆ. ಸಾಲದ್ದಕ್ಕೆ, ಪ್ರೋಗ್ರಾಂ ನಿಂತಾಗಲೆಲ್ಲ ಬ್ರೇಕ್‌ಪಾಯಿಂಟ್‌ಗಳನ್ನು ತೆಗೆದಿಡೋದು ಜಿಡಿಬಿಯ ಡೀಫಾಲ್ಟ್ ಚಾಳಿ.

'ಸೆಟ್ ಬ್ರೇಕ್‌ಪಾಯಿಂಟ್ ಆಲ್ವೇಸ್-ಇನ್ಸರ್ಟೆಡ್ ಆನ್' ಹಾಕಿ (ನಿಂತಾಗಲೂ ಅವು ಮೆಮೊರಿಯಲ್ಲೇ ಉಳಿಯೋ ಹಾಗೆ), ಹೊರಗಿನಿಂದ ಪ್ರೊಸೆಸ್ಸಿನ ಮೆಮೊರಿ ಓದಿದರೆ ಸಾಕಾ? ಒಂದೇ ವಿಳಾಸದಲ್ಲಿ ಎರಡು ಬ್ರೇಕ್‌ಪಾಯಿಂಟ್ ಇದ್ದು ಒಂದನ್ನು ಮಾತ್ರ ಡಿಸೇಬಲ್ ಮಾಡಿದಾಗ ಸಿಸಿ ಉಳಿಯಲೇಬೇಕು, ಅದನ್ನೂ ಹಿಡಿಯಬೇಕು. ಇಂಥದ್ದು ಬರೆದವರಿದ್ದರೆ ದಯವಿಟ್ಟು ಹೇಳಿ.