ಹತ್ತು ಸಂಪುಟ ಮುಗಿಯಿತು, ಇನ್ನೇನು ಓದಲಿ?

‘ಸಾಂಕಾಕು ಮಾದೊ ನೊ ಸೊತೊಗಾವ ವಾ ಯೊರು’ ಅನ್ನೋ ಜಪಾನಿ ಮಂಗಾದ (ಚಿತ್ರಕಥೆ ಪುಸ್ತಕ) ಹತ್ತೂ ಸಂಪುಟ ಓದಿ ಮುಗಿಸಿದೆ. ಪುಸ್ತಕದಂಗಡಿಯಲ್ಲಿ ಕೆಲಸ ಮಾಡುವ ಮಿಕಾದೊಗೆ ದೆವ್ವ ಕಾಣುತ್ತದೆ. ದೆವ್ವ ಬಿಡಿಸುವ ಹಿಯಾಕಾವ ಅವನನ್ನು ತನ್ನ ಕೆಲಸಕ್ಕೆ ಎಳೆದುಕೊಳ್ಳುತ್ತಾನೆ. ಇಬ್ಬರ ನಡುವೆ ಏನೋ ಇದೆ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಬೇಕಾದದ್ದು ಅದೇ ಹದ. ನೇರ ಬಿಎಲ್ (ಹುಡುಗ-ಹುಡುಗರ ಪ್ರೇಮಕಥೆ) ಬೇಡ. ಮುದ್ದುಮುದ್ದು ದೆವ್ವಗಳೂ ಬೇಡ. ಸ್ವಲ್ಪ ಹೆದರಿಕೆ ಆಗಬೇಕು. ನೀವೆಲ್ಲ ಏನು ಓದಿದ್ದೀರಿ?

—

ಕಣ್ಣು ಮುಚ್ಚಿಕೊಂಡು ‘ಹೋಲಿಕ್’ ಹಿಡಿಯಿರಿ. ಕ್ಲಾಂಪ್ ಅನ್ನೋ ಮಂಗಾ ಕಲಾವಿದೆಯರ ಬಳಗದ್ದು, 2003ರಿಂದ 2011ರವರೆಗೆ ಬಂತು, 19 ಸಂಪುಟ. ವತಾನುಕಿಗೆ ದೆವ್ವ ಕಾಣುತ್ತದೆ. ಅವನ ಸಹಪಾಠಿ ದೊಮೆಕಿ ದೇವಸ್ಥಾನದ ಮನೆಯ ಹುಡುಗ. ಅವನಿಗೆ ಏನೂ ಕಾಣುವುದಿಲ್ಲ, ಆದರೆ ಅವನು ಹತ್ತಿರ ಬಂದರೆ ದೆವ್ವ ಓಡುತ್ತದೆ. ವತಾನುಕಿ ದಿನಾ ಅವನಿಗೆ ಬೈಯುತ್ತಾನೆ, ದಿನಾ ಅವನಿಗೇ ಊಟದ ಡಬ್ಬಿ ಕಟ್ಟುತ್ತಾನೆ. ಮುಂದೆ ಒಂದು ಜೇಡದ ಸೇಡಿನಿಂದ ವತಾನುಕಿಯ ಒಂದು ಕಣ್ಣು ಹೋಗುತ್ತದೆ. ದೊಮೆಕಿ ತನ್ನ ಕಣ್ಣಿನ ಅರ್ಧ ಕೊಡುತ್ತಾನೆ. ಒಂದು ಮುತ್ತಿಲ್ಲ, ಒಂದು ‘ಇಷ್ಟ’ ಅನ್ನೋ ಮಾತಿಲ್ಲ. ಅದಕ್ಕಿಂತ ಜಾಸ್ತಿ ಇನ್ನೇನು ಬೇಕು ಹೇಳಿ!

ತಮಾಷೆ ಏನು ಗೊತ್ತಾ? ನೀವು ಓದಿದ್ದು ಬಂದದ್ದು ಬಿಎಲ್ ಪತ್ರಿಕೆಯಲ್ಲಿ. ಇದು ಬಂದದ್ದು ಗಂಡಸರಿಗಾಗಿ ಇರುವ ‘ಯಂಗ್ ಮ್ಯಾಗಜಿನ್’ನಲ್ಲಿ. ಹಾಗಾಗಿ ಹಣೆಪಟ್ಟಿ ನೋಡಿ ಹುಡುಕಬೇಡಿ. ದೆವ್ವದ ಪೆಟ್ಟು ಒಬ್ಬನ ಮೈಮೇಲೆ ಬಿದ್ದಾಗ ಇನ್ನೊಬ್ಬ ಏನು ಬಿಟ್ಟುಕೊಡುತ್ತಾನೆ, ಅದನ್ನು ನೋಡಿ.

—

ಕ್ಲಾಂಪ್ ಅಂದಮೇಲೆ ‘ಟೋಕಿಯೊ ಬ್ಯಾಬಿಲಾನ್’ ಬಿಡೋಕಾಗುತ್ತಾ? ಬರೀ 7 ಸಂಪುಟ. 16ರ ಹುಡುಗ ಸುಬಾರು, ಮಂತ್ರವಾದಿ ಮನೆತನದ 13ನೇ ಯಜಮಾನ. ಅವನ ಹಿಂದೆ ಬಿದ್ದಿರುವ ಪಶುವೈದ್ಯ ಸೇಯಿಶಿರೊ. ಮೊದಲು ಎಲ್ಲ ನಗೆಚಾಟಿಕೆ. ಕೊನೆಯ ಸಂಪುಟ ಓದಿ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಒಂದು ಎಚ್ಚರಿಕೆ. ಇವರಿಬ್ಬರ ಮುಂದಿನ ಕಥೆ ‘ಎಕ್ಸ್’ನಲ್ಲಿದೆ. ಅದು 2003ರಲ್ಲಿ ನಿಂತದ್ದು ಇನ್ನೂ ಮುಗಿದಿಲ್ಲ. ಅದು ತಿಳಿಯದೆ ನಾನು ಅಷ್ಟೂ ಸಂಪುಟ ಕೊಂಡೆ. ಈಗ ಕಪಾಟಿನಿಂದ ನನ್ನನ್ನೇ ನೋಡುತ್ತಿರುತ್ತವೆ.

—

ಹಳೆಯದು ಓಕೆನಾ? ಹಾಗಾದರೆ ‘ಯಾಮಿ ನೊ ಮಾತ್ಸುಯೆಯಿ’. ಸತ್ತವರ ಲೋಕ ಅಲ್ಲಿ ಥೇಟ್ ಸರ್ಕಾರಿ ಕಚೇರಿ. ಫೈಲು, ಬಜೆಟ್ ಕಡಿತ, ಬೈಯುವ ಮೇಲಧಿಕಾರಿ, ಎಲ್ಲ ಇದೆ. ಮೇಲೆ ಕೂತಿರುವ ಎನ್ಮಾ ಬೇರೆ ಯಾರೂ ಅಲ್ಲ, ನಮ್ಮ ಯಮನೇ. ಬೌದ್ಧರ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವನು. ಚಿತ್ರಗುಪ್ತನ ಲೆಕ್ಕ ಕೇಳಿ ಬೆಳೆದ ನನಗಂತೂ ಮನೆಗೆ ಬಂದ ಹಾಗಾಯಿತು. ಸಿಹಿ ಕಂಡರೆ ಬಿಡದ ತ್ಸುಜುಕಿ, ಇನ್ನೊಬ್ಬರ ನೋವು ತನ್ನದೇ ಅನ್ನುವ ಹಾಗೆ ತಾಗುವ ಹಿಸೋಕಾ, ಇವರಿಬ್ಬರದು ಜೋಡಿ ಕೆಲಸ. 2000ದಲ್ಲಿ ಬಂದ ಇದರ ಅನಿಮೆ (ಜಪಾನಿ ಕಾರ್ಟೂನ್ ಸರಣಿ) 13 ಕಂತು, ವಾರಾಂತ್ಯಕ್ಕೆ ಸಾಕು. ಆದರೆ ವೈದ್ಯ ಮುರಾಕಿ ಬರುವ ಕಡೆ ಲೈಂಗಿಕ ಹಿಂಸೆ ಇದೆ. ಅದು ಆಗದವರು ದೂರ ಇರಿ.

—

ನೀವು ಹೆದರಿಕೆ ಬೇಕು ಅಂದಿರಿ. ಮೇಲೆ ಹೇಳಿದ್ದೆಲ್ಲ ಚೆನ್ನಾಗಿವೆ, ಆದರೆ ನನಗೆ ನಿಜವಾಗಿ ಬೆನ್ನು ತಣ್ಣಗಾದದ್ದು ‘ಹಿಕಾರು ಗಾ ಶಿಂದ ನಾತ್ಸು’ ಓದುವಾಗ. ಮೊಕುಮೊಕುರೆನ್ 2021ರಿಂದ ಬರೆಯುತ್ತಿದ್ದಾರೆ. ಬೆಟ್ಟದಲ್ಲಿ ಕಳೆದುಹೋದ ಗೆಳೆಯ ಹಿಕಾರು ವಾಪಸ್ ಬಂದಿದ್ದಾನೆ. ಅದೇ ಮುಖ, ಅದೇ ನಗು. ಆದರೆ ಅವನು ಹಿಕಾರು ಅಲ್ಲ. ಯೋಶಿಕಿಗೆ ಅದು ಗೊತ್ತು. ಐಸ್ ತಿನ್ನುತ್ತಾ ಕೂತಾಗ ಮುಖದೆದುರೇ ಕೇಳುತ್ತಾನೆ. ಎದುರಿಗಿದ್ದದ್ದು ಅಳುತ್ತಾ ಯಾರಿಗೂ ಹೇಳಬೇಡ ಅಂತ ಬೇಡಿಕೊಳ್ಳುತ್ತದೆ. ಯೋಶಿಕಿ ಸುಮ್ಮನಾಗುತ್ತಾನೆ. ನಕಲಿಯಾದರೂ ಪಕ್ಕದಲ್ಲಿ ಇರಲಿ ಅಂತ!

ನಿಮ್ಮ ಪುಸ್ತಕದಲ್ಲಿ ಹಿಯಾಕಾವ ಮಿಕಾದೊನ ಎದೆಯೊಳಗೆ ಕೈ ಹಾಕಿ ಆತ್ಮ ಮುಟ್ಟುತ್ತಾನಲ್ವಾ? ಇಲ್ಲೂ ಯೋಶಿಕಿ ಅದರ ಎದೆಯೊಳಗೆ ಕೈ ತೂರಿಸುವ ದೃಶ್ಯವಿದೆ. ಅಸಹ್ಯ, ಸಲುಗೆ, ಎರಡೂ ಒಟ್ಟಿಗೆ. ಜೀರುಂಡೆಯ ಸದ್ದಿನ ಅಕ್ಷರಗಳು ಪುಟದ ತುಂಬ ಹರಿದು ಉಸಿರು ಕಟ್ಟಿಸುತ್ತವೆ. ಮಳೆಗಾಲದಲ್ಲಿ ಅಜ್ಜನ ಮನೆಯ ಹಿಂದಿನ ಕಾಡಿನಿಂದ ಬರುವ ಸದ್ದೇ ನನಗೆ ನೆನಪಾಯಿತು. ಹುಡುಗರು ಮಾತಾಡುವುದು ಹಳ್ಳಿಯ ಜಪಾನಿ. ಅದರ ರುಚಿ ಇಂಗ್ಲಿಷಿನಲ್ಲಿ ಅರ್ಧ ಹೋಗುತ್ತದೆ, ಕುಂದಾಪ್ರ ಕನ್ನಡವನ್ನು ಟಿವಿ ಕನ್ನಡ ಮಾಡಿದ ಹಾಗೆ. 2025ರ ಜುಲೈನಲ್ಲಿ ಅನಿಮೆಯೂ ಬಂತು. ಮೊದಲು ಪುಸ್ತಕವನ್ನೇ ಓದಿ.

—

ಯಾರೂ ‘ನಾತ್ಸುಮೆ ಯೂಜಿನ್‌ಚೋ’ ಅನ್ನಲಿಲ್ಲ! ಮುದ್ದು ಬೇಡ ಅಂದಿದ್ದಾರೆ, ಗೊತ್ತು. ಬಿಎಲ್ ಕೂಡ ನಾವು ಕಲ್ಪಿಸಿಕೊಂಡಷ್ಟೇ. ಆದರೂ ಮೇಲಿನದೆಲ್ಲ ಓದಿ ನಿದ್ದೆ ಬಾರದಿದ್ದರೆ ಅದರಲ್ಲಿರುವ ದಪ್ಪ ಬೆಕ್ಕನ್ನು ನೆನಪಿಸಿಕೊಳ್ಳಿ.

—

ಎಲ್ಲರಿಗೂ ಥ್ಯಾಂಕ್ಸ್. ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಯಲ್ಲಿ ‘ಹೋಲಿಕ್’ ಮೂರು ಮತ್ತು ಏಳನೇ ಸಂಪುಟ ಮಾತ್ರ ಸಿಕ್ಕವು. ಹಾಗಾಗಿ ‘ಹಿಕಾರು’ ಮೊದಲ ಸಂಪುಟ ಫೋನಿನಲ್ಲೇ ತೆಗೆದುಕೊಂಡೆ. ನಿನ್ನೆ ರಾತ್ರಿ ಆ ಎದೆಯ ದೃಶ್ಯದವರೆಗೆ ಬಂದು ಫೋನು ಮಗುಚಿಟ್ಟೆ. ಅಜ್ಜನ ಮನೆಯ ಕಾಡಿನ ವಿಷಯ ಹೇಳಿದವರೇ, ಅದೊಂದು ಹೇಳಬಾರದಿತ್ತು ನೀವು. ನಮ್ಮ ಮನೆಯ ಹಿಂದೆಯೂ ಮರಗಳಿವೆ.